ಕೊಡಗಿಗೆ ಯಾವ ಮರದ ದೋಣಿ: ಹಲಗೆಯದೋ, ಪ್ಲೈವುಡ್ಡಿನದೋ, ಹರಿಗೋಲೋ?

ಕೊಡಗಿನಲ್ಲಿ ದೋಣಿ ಮಾಡಿಸಲು ಹೊರಟವರು ಮೊದಲು ವಿಚಾರಿಸುವುದು ಮರ ಯಾವುದು, ಉದ್ದ ಎಷ್ಟು, ಬಣ್ಣ ಯಾವುದು ಅಂತ. ಅದಕ್ಕೂ ಮೊದಲು ಒಂದು ಲೆಕ್ಕ ಹಾಕಬೇಕು: ಈ ದೋಣಿ ವರ್ಷದಲ್ಲಿ ಎಷ್ಟು ತಿಂಗಳು ನೀರಿನಲ್ಲಿರುತ್ತದೆ, ಎಷ್ಟು ತಿಂಗಳು ಶೆಡ್ಡಿನಲ್ಲಿ ಬಿದ್ದಿರುತ್ತದೆ?

ಜೂನ್‌ನಿಂದ ಆಗಸ್ಟ್‌ವರೆಗೆ ಕಾವೇರಿ ಕೆಂಪಾಗಿ ಉಕ್ಕಿ ಹರಿಯುವಾಗ ಯಾರೂ ದೋಣಿ ಇಳಿಸುವುದಿಲ್ಲ. ಕೈಲ್‌ಪೊಳ್ದ್ (ಸೆಪ್ಟೆಂಬರ್ ಮೊದಲಿನ ಹಬ್ಬ) ಕಳೆದ ಮೇಲೆ ನೀರು ತಿಳಿಯಾಗುತ್ತದೆ. ಅಲ್ಲಿಂದ ನವೆಂಬರ್ ಡಿಸೆಂಬರಿನ ಸುಗ್ಗಿ ಹಬ್ಬ ಪುತ್ತರಿಯವರೆಗೆ ಒಳ್ಳೇ ಕಾಲ. ಆಮೇಲೆ ಕಾಫಿ ಕೊಯ್ಲು, ದೋಣಿಯ ಕಡೆ ತಿರುಗಿ ನೋಡಲು ಯಾರಿಗೂ ಪುರುಸೊತ್ತಿಲ್ಲ. ಫೆಬ್ರವರಿ, ಮಾರ್ಚ್ ಬಂತೆಂದರೆ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಶುರು, ತೋಟದ ಕೆರೆ ದಿನೇದಿನೇ ಇಳಿಯುತ್ತದೆ. ಏಪ್ರಿಲ್ ಹೊತ್ತಿಗೆ ಹೊಳೆಯಲ್ಲಿ ಬಂಡೆ ಜಾಸ್ತಿ, ನೀರು ಕಡಿಮೆ. ಕೂಡಿಸಿ ನೋಡಿದರೆ ನಾಲ್ಕೈದು ತಿಂಗಳು ನೀರು, ಉಳಿದದ್ದೆಲ್ಲ ದಡ. ಅಂದರೆ ದಡದಲ್ಲಿ ಬಿದ್ದಿರುವ ತಿಂಗಳುಗಳನ್ನು ತಡೆಯುವ ದೋಣಿಯನ್ನೇ ಆರಿಸಬೇಕು. ನೀರಿನಲ್ಲಿ ಹೆಚ್ಚುಕಮ್ಮಿ ಎಲ್ಲ ದೋಣಿಯೂ ಚೆನ್ನಾಗಿಯೇ ಇರುತ್ತದೆ.

ಕರಾವಳಿಯ ದೋಣಿಗಳಿಗೆ ಹೇಳುವ ಬುದ್ಧಿಮಾತು ಇಲ್ಲಿಗೆ ಪೂರ್ತಿ ಹೊಂದದಿರಲು ಇನ್ನೊಂದು ಕಾರಣವಿದೆ. ಮಂಗಳೂರು, ಕಣ್ಣೂರಿನ ಕಡೆ ಮರದ ದೋಣಿಯ ದೊಡ್ಡ ಶತ್ರು ಉಪ್ಪುನೀರಿನಲ್ಲಿ ಮರ ಕೊರೆಯುವ ಹುಳು. ಕಾವೇರಿ, ಹಾರಂಗಿಯಲ್ಲಿ ಅದಿಲ್ಲ. ಅದಕ್ಕೆ ಬದಲಾಗಿ ಮಳೆನೀರಿದೆ. ಮರ ಕೊಳೆಸುವ ಶಿಲೀಂಧ್ರವನ್ನು ಉಪ್ಪು ಅಷ್ಟಿಷ್ಟು ತಡೆಯುತ್ತದೆ, ಸಿಹಿನೀರು ತಡೆಯುವುದಿಲ್ಲ. ಮರದ ತೇವ ಶೇ 20 ದಾಟಿ ಅಲ್ಲೇ ನಿಂತರೆ ಕೊಳೆತ ಶುರುವಾಗುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮೇಲೆ ಮಳೆ, ಕುಶಾಲನಗರದಲ್ಲಿ ಸುಮಾರು ಅದರ ಮೂರರಲ್ಲೊಂದು ಪಾಲು. ಹಾಗಾಗಿ ಕುಶಾಲನಗರದ ಹೊಳೆಬದಿಯಲ್ಲಿ ಹತ್ತು ವರ್ಷ ಬಾಳಿದ ದೋಣಿಯನ್ನು ಕಂಡು, ಅಂಥದ್ದನ್ನೇ ಮಳೆ ಹೆಚ್ಚಿರುವ ನಾಪೋಕ್ಲು ಕಡೆಯ ತೋಟಕ್ಕೆ ಮಾಡಿಸಿದರೆ ಅಷ್ಟೇ ಬಾಳಿಕೆ ಬಂದೀತು ಎಂದು ಭರವಸೆ ಇಟ್ಟುಕೊಳ್ಳಬೇಡಿ.

ಹರಿಗೋಲು

ಮೊದಲು ಅಗ್ಗದ್ದನ್ನು ನೋಡೋಣ. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಹದಿನೈದು ಇಪ್ಪತ್ತು ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಇವತ್ತಿನ ಹರಿಗೋಲಿಗೆ ಚರ್ಮದ ಬದಲು ಪ್ಲಾಸ್ಟಿಕ್ ಚೀಲದ ಹಾಳೆ, ಅದರ ಮೇಲೆ ಡಾಂಬರು. ಉಳಿದದ್ದು ಅದೇ ಬಿದಿರಿನ ಹೆಣಿಗೆ.

ಏಳಡಿ ಅಡ್ಡಳತೆಯದ್ದನ್ನು ಒಬ್ಬನೇ ಬೆನ್ನ ಮೇಲೆ ಕವುಚಿಕೊಂಡು ಹೋಗಬಹುದು. ಒಂದು ಗೇಣು ನೀರಿದ್ದರೂ ತೇಲುತ್ತದೆ, ಬಂಡೆಗೆ ತಾಗಿದರೆ ಬಳುಕುತ್ತದೆ, ಒಡೆಯುವುದಿಲ್ಲ. ಕೆರೆಯಲ್ಲಿ ಮೀನಿಗೆ ಮೇವು ಹಾಕಲು, ಕಳೆ ತೆಗೆಯಲು, ಪಂಪಿನ ಫುಟ್‌ವಾಲ್ವ್ ಬಿಡಿಸಲು ಇದಕ್ಕಿಂತ ಒಳ್ಳೆಯದು ಇಲ್ಲ. ಗಾಳಿ ಬೀಸುವ ಹಾರಂಗಿ ಹಿನ್ನೀರಿಗೆ ಮಾತ್ರ ಇದು ಸಲ್ಲದು. ಅಡಿಯಲ್ಲಿ ಹಿಡಿತವಿಲ್ಲದ್ದರಿಂದ ಗಾಳಿ ಕೊಂಡೊಯ್ದ ಕಡೆ ಹೋಗುತ್ತದೆ. ಒಂದೇ ಹುಟ್ಟನ್ನು ಮುಂದೆ ಚಾಚಿ ನೀರನ್ನು ತನ್ನತ್ತ ಎಳೆದುಕೊಳ್ಳುವ ಕೈಚಳಕ ಬಾರದವರು ನಿಂತಲ್ಲೇ ಬುಗುರಿ ಸುತ್ತುತ್ತಾರೆ.

ಹಾಳಾಗುವುದು ಎರಡು ದಾರಿಯಲ್ಲಿ. ಬಿದಿರಿನ ಹಿಟ್ಟಿನಂಶಕ್ಕೆ ಕುಟ್ಟೆಹುಳು ಬೀಳುತ್ತದೆ, ಹೆಣಿಗೆಯ ಕೆಳಗೆ ಹಳದಿ ಪುಡಿ ಕಂಡರೆ ಅದೇ. ಬಲಿತ ಬಿದಿರನ್ನೇ ಕಡಿದು, ಎರಡು ಮೂರು ವಾರ ನೀರಿನಲ್ಲಿ ಮುಳುಗಿಸಿಟ್ಟು, ಸೀಳಿದ ಮೇಲೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ಶೇ 5ರ ದ್ರಾವಣದಲ್ಲಿ ಅದ್ದಿ ಒಣಗಿಸಿದರೆ ಕಾಟ ಬಹಳ ಕಡಿಮೆ. ಎರಡನೆಯದು ಡಾಂಬರು. ಬಿಸಿಲಿಗೆ ಬಿರುಕು ಬಿಡುತ್ತದೆ, ವರ್ಷಕ್ಕೊಮ್ಮೆ ಬಳಿಯಲೇಬೇಕು. ದಿನಾ ದುಡಿಸಿದರೆ ಎರಡು ವರ್ಷಕ್ಕೆ ಹೊಸದು ಬೇಕಾಗಬಹುದು. ಅಗ್ಗದ ಸಾಮಾನಾದ್ದರಿಂದ ಅದಕ್ಕೆ ಕೊರಗಬೇಕಿಲ್ಲ.

ಒಂದೇ ಮರ ಕೊರೆದ ದೋಣಿ

ನೋಡಲು ಚೆಂದ, ಹೋಂಸ್ಟೇ ಅಂಗಳದಲ್ಲಿ ಹೂಕುಂಡ ಇಡಲು ಇನ್ನೂ ಚೆಂದ. ಹದಿನಾರಡಿಯ ಮಾವಿನ ದೋಣಿ ಇನ್ನೂರು ಕಿಲೋ ದಾಟುತ್ತದೆ, ನಾಲ್ಕಾಳಿಲ್ಲದೆ ಅಲುಗುವುದಿಲ್ಲ. ಆರು ತಿಂಗಳು ಒಣಗಲು ಬಿಟ್ಟರೆ ತುದಿಗಳಿಂದ ಸೀಳು ಬಿಡುತ್ತದೆ. ದಪ್ಪ ಮರದ ಹೊರಮೈ ಬೇಗ ಒಣಗುತ್ತದೆ, ಒಳಗಿನದು ಒಣಗದು, ಎಳೆದಾಟದಲ್ಲಿ ಬಿರಿಯುತ್ತದೆ. ಹಳೆಯದು ಸಿಕ್ಕರೆ ಎರಡೂ ತುದಿಗಳ ಕತ್ತರಿಸಿದ ಮುಖಕ್ಕೆ ದಪ್ಪಗೆ ಬಣ್ಣವನ್ನೋ ಮೇಣವನ್ನೋ ಬಳಿದು ನೆರಳಿನಲ್ಲಿಡಿ. ಹೊಸದಾಗಿ ಮಾಡಿಸಬೇಡಿ. ಅಷ್ಟು ದಪ್ಪದ ಮರ ಉರುಳಿಸಿ ಒಂದು ದೋಣಿ ಮಾಡುವ ಬದಲು ಅದೇ ಮರದ ಹಲಗೆಯಲ್ಲಿ ಐದಾರು ದೋಣಿ ಆಗುತ್ತವೆ.

ಹಲಗೆ ದೋಣಿ

ಮರದ ದೋಣಿ ಎಂದಾಗ ಹೆಚ್ಚಿನವರ ಕಣ್ಣಿಗೆ ಬರುವುದು ಇದೇ. ಅಡಿಯ ನಡುವೆ ಉದ್ದಕ್ಕೂ ಬೆನ್ನುಮೂಳೆಯಂತೆ ಕೀಲ್ ಮರ, ಅದರಿಂದ ಎದ್ದ ಪಕ್ಕೆಲುಬುಗಳು, ಅವುಗಳ ಮೇಲೆ ಹಲಗೆ. ಹಲಗೆ ಕೂರಿಸುವುದರಲ್ಲಿ ಎರಡು ಪದ್ಧತಿಗಳಿವೆ. ಕೊಡಗಿಗೆ ಹೊಂದುತ್ತದೋ ಇಲ್ಲವೋ ಎನ್ನುವುದು ನಿಂತಿರುವುದೇ ಈ ವ್ಯತ್ಯಾಸದ ಮೇಲೆ.

ಒಂದರಲ್ಲಿ ಹಲಗೆಯ ಅಂಚಿಗೆ ಅಂಚು ಕೂಡಿಸಿ, ಸಂದಿಗೆ ಹತ್ತಿ ಬಡಿದು, ಮೇಲೆ ಮೆತ್ತನೆಯ ಮೇಣ ತುಂಬುತ್ತಾರೆ. ಧೂಪದ ಮರದ ರಾಳವನ್ನು ಎಣ್ಣೆಯಲ್ಲಿ ಕಾಯಿಸಿ ತುಂಬುವುದು ಪಶ್ಚಿಮ ಕರಾವಳಿಯ ಹಳೇ ಕ್ರಮ. ಹಲಗೆ 15ರಿಂದ 18 ಮಿಲಿಮೀಟರ್ ದಪ್ಪ, ಹೊರಮೈ ನುಣುಪು. ಇನ್ನೊಂದರಲ್ಲಿ ಮಂಗಳೂರು ಹೆಂಚು ಹೊದಿಸಿದ ಹಾಗೆ ಮೇಲಿನ ಹಲಗೆ ಕೆಳಗಿನದರ ಮೇಲೆ ಸುಮಾರು 20 ಮಿಲಿಮೀಟರ್ ಕೂರುತ್ತದೆ. ಎರಡನ್ನೂ ಸೇರಿಸಿ ತಾಮ್ರದ ಮೊಳೆ ಹೊಡೆದು, ಒಳಗೆ ತಾಮ್ರದ ಬಿಲ್ಲೆ ತೊಡಿಸಿ, ಮೊಳೆಯ ತುದಿಯನ್ನು ಬಡಿದು ಹೂ ಬಿಡಿಸುತ್ತಾರೆ. ಇಲ್ಲಿ ಹಲಗೆ 8ರಿಂದ 10 ಮಿಲಿಮೀಟರ್ ಸಾಕು. ಕೇರಳದ ಕೆಟ್ಟುವಳ್ಳಂನದು ಮೂರನೇ ದಾರಿ, ಅಲ್ಲಿ ಮೊಳೆಯೇ ಇಲ್ಲದೆ ತೆಂಗಿನ ಹುರಿಯಿಂದ ಹಲಗೆ ಹೊಲಿಯುತ್ತಾರೆ. ಬಿಡಿಸಿ ಮತ್ತೆ ಹೊಲಿಯಬಲ್ಲ ಕೈಗಳು ಇಲ್ಲಿಲ್ಲ, ಹಾಗಾಗಿ ಅದರ ಮಾತು ಇಷ್ಟಕ್ಕೇ ಸಾಕು.

ಮರ ಉದ್ದಕ್ಕೆ ಕುಗ್ಗುವುದಿಲ್ಲವೆಂದೇ ಹೇಳಬಹುದು. ಅಡ್ಡಕ್ಕೆ ಕುಗ್ಗುತ್ತದೆ. ನೀರು ಕುಡಿದು ಉಬ್ಬಿದ ಆರಿಂಚಿನ ಹಲಗೆ ಮಾರ್ಚ್ ಬಿಸಿಲಿಗೆ ಒಣಗಿದರೆ, ಕೊಯ್ದ ರೀತಿ ನೋಡಿಕೊಂಡು 3ರಿಂದ 5 ಮಿಲಿಮೀಟರ್ ಕಿರಿದಾಗುತ್ತದೆ. ಅಂಚಿಗಂಚು ಕೂಡಿಸಿದ ದೋಣಿಯಲ್ಲಿ ಅಷ್ಟೂ ಸಂದಿಯಾಗಿ ತೆರೆದುಕೊಳ್ಳುತ್ತದೆ, ಒಳಗಿಂದ ನೋಡಿದರೆ ಬೆಳಕು ಕಾಣುತ್ತದೆ. ಹೆಂಚಿನ ಪದ್ಧತಿಯಲ್ಲಿ ಹಲಗೆ ಹಲಗೆಯ ಮೇಲಿರುವುದರಿಂದ ಸಂದು ಬಾಯಿ ಬಿಡುವುದು ಕಡಿಮೆ. ಆದ್ದರಿಂದ ಹಲಗೆಯ ದೋಣಿಯೇ ಬೇಕೆಂದು ಮನಸ್ಸು ಹಿಡಿದಿದ್ದರೆ ಹೆಂಚಿನ ಪದ್ಧತಿಯದ್ದನ್ನೇ ಮಾಡಿಸಿ. ಅದರ ಅಂಚುಗಳಲ್ಲಿ ಮಣ್ಣು ಕೂರುತ್ತದೆ, ಉಜ್ಜಿ ಬಣ್ಣ ಬಳಿಯುವುದು ಬೇಸರದ ಕೆಲಸ. ಅಷ್ಟನ್ನು ಸಹಿಸಿಕೊಳ್ಳಬಹುದು.

ಒಣಗಿ ಬಾಯಿ ಬಿಟ್ಟ ಸಂದಿಗೆ ಮಾಲೀಕರು ಮಾಡುವ ಮೊದಲ ತಪ್ಪು, ಪೈಪಿನ ಸೋರಿಕೆಗೆ ಹಚ್ಚುವ ಎಂ-ಸೀಲ್ ಥರದ ಗಟ್ಟಿ ಮೇಣ ತುಂಬುವುದು. ಆ ಹೊತ್ತಿಗೆ ಸೋರಿಕೆ ನಿಲ್ಲುತ್ತದೆ. ದೋಣಿ ನೀರಿಗಿಳಿದು ಹಲಗೆ ಉಬ್ಬಿದಾಗ ಹೋಗಲು ಜಾಗವಿಲ್ಲ, ಪಕ್ಕೆಲುಬನ್ನೇ ಬಿರಿಸುತ್ತದೆ ಅಥವಾ ಮೊಳೆಗಳನ್ನು ಹಿರಿದುಹಾಕುತ್ತದೆ. ಸರಿಯಾದ ದಾರಿ ಬಹಳ ಅಗ್ಗದ್ದು. ಇಳಿಸುವ ನಾಲ್ಕು ದಿನ ಮೊದಲು ಕಾಫಿಯ ಹಳೇ ಗೋಣಿಚೀಲಗಳನ್ನು ಒದ್ದೆ ಮಾಡಿ ಒಳಗೆ ಹಾಸಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿ. ಆಮೇಲೆ ಮೊಣಕಾಲುದ್ದದ ನೀರಿನಲ್ಲಿ ಎರಡು ದಿನ ಮುಳುಗಿಸಿಡಿ. ಅಷ್ಟಕ್ಕೂ ಸೋರುವ ಜಾಗಕ್ಕೆ ಮಾತ್ರ ಹತ್ತಿ ಬಡಿಯಿರಿ, ಮೆದುವಾಗಿ. ಜೋರಾಗಿ ಬಡಿದ ಹತ್ತಿಯೂ ಗಟ್ಟಿ ಮೇಣದ ಹಾಗೇ ಕೆಲಸ ಕೆಡಿಸುತ್ತದೆ.

ಮರದ ಆಯ್ಕೆ: ನಮ್ಮ ಮತ ಹೆಬ್ಬಲಸಿಗೆ. ಕೇರಳದ ಚುಂಡನ್ ವಳ್ಳಂಗಳನ್ನು (ಪಂದ್ಯದ ಹಾವುದೋಣಿಗಳನ್ನು) ಕಟ್ಟುವುದು ಇದೇ ಮರದಲ್ಲಿ, ಅಲ್ಲಿ ಅದರ ಹೆಸರು ಆಂಜಿಲಿ. ಘನ ಮೀಟರಿಗೆ ಸುಮಾರು 550ರಿಂದ 600 ಕಿಲೋ ತೂಕ, ಉದ್ದ ಹಲಗೆ ಸಿಗುತ್ತದೆ, ಬಾಗುತ್ತದೆ, ಕೊಳೆಯುವುದು ನಿಧಾನ. ತೇಗ ಕುಗ್ಗಿ ಹಿಗ್ಗುವುದು ಇನ್ನೂ ಕಡಿಮೆ, ಬೆಲೆ ಮಾತ್ರ ಹೆಚ್ಚು. ತೇಗದ ಮೈಯಲ್ಲಿ ಎಣ್ಣೆಯಂಶ ಇರುವುದರಿಂದ ಅಂಟು ಹಚ್ಚುವ ಮುಂಚೆ ಥಿನ್ನರಿನಿಂದ ಒರೆಸಬೇಕು. ಬೋಗಿ ಕಬ್ಬಿಣದಂಥ ಮರ, ಆದರೆ ಘನ ಮೀಟರಿಗೆ 900 ಕಿಲೋ ದಾಟುತ್ತದೆ. ಕೀಲ್‌ಗೆ ಸರಿ, ಹಲಗೆಗೆ ಬೇಡ. ಮತ್ತಿ ಭಾರ, ಒಣಗುವಾಗ ಸೀಳುತ್ತದೆ. ಪಕ್ಕೆಲುಬಿಗೆ ನಂದಿ ಆಗುತ್ತದೆ. ಇನ್ನು ಸಿಲ್ವರ್ ಓಕ್. ತೋಟದಲ್ಲೇ ನಿಂತಿದೆ, ಮೆಣಸಿನ ಬಳ್ಳಿ ಸತ್ತ ಮರ ಹೇಗೂ ಕಡಿಯಬೇಕು, ಅದರಲ್ಲೇ ಮಾಡಿಸಿಬಿಡೋಣ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಸಿಲ್ವರ್ ಓಕ್ ತೇವದಲ್ಲಿ ಬಾಳುವ ಮರವಲ್ಲ. ಕೂರುವ ಹಲಗೆಗೆ, ಕೆಲಸದ ಅಚ್ಚಿಗೆ ಬಳಸಿ, ನೀರಿಗೆ ತಾಗುವ ಕಡೆ ಬೇಡ.

ಹನ್ನೆರಡಡಿ ಉದ್ದ, ನಾಲ್ಕಡಿ ಅಗಲದ, ಅಂಚಿಗಂಚು ಕೂಡಿಸಿದ ದೋಣಿಗೆ ಕೆಲಸ ಮುಗಿದಾಗ ಆರೂವರೆ ಘನ ಅಡಿ ಮರ ಉಳಿದಿರುತ್ತದೆ, ಕೊಳ್ಳಬೇಕಾದ್ದು ಹನ್ನೊಂದು ಹನ್ನೆರಡು. ದೋಣಿಯ ತೂಕ ಸುಮಾರು 120 ಕಿಲೋ. ಒಂದಿಂಚು ಹಲಗೆಯ ನಡುವೆ ರೀಪು ಕೊಟ್ಟು ಅಟ್ಟಿ ಕಟ್ಟಿ ನೆರಳಿನಲ್ಲಿ ಒಂದು ವರ್ಷ ಬಿಡಿ. ಮಳೆಗಾಲದಲ್ಲಿ ಒಣಗುವುದು ನಿಂತೇ ಹೋಗುತ್ತದೆ, ಆದ್ದರಿಂದ ಆರು ತಿಂಗಳ ಲೆಕ್ಕ ಇಲ್ಲಿ ನಡೆಯದು. ಜೋಡಿಸುವಾಗ ತೇವ ಶೇ 14ರಿಂದ 16 ಇರಬೇಕು. ಮಿಲ್ಲಿನವರ ಹತ್ತಿರ ತೇವ ನೋಡುವ ಮೀಟರ್ ಇಲ್ಲದಿದ್ದರೆ ಕಾಫಿ ಬೀಜದ ಮೀಟರ್ ತಂದು ಒತ್ತಬೇಡಿ, ಅದು ಮರಕ್ಕೆ ಅಳತೆ ಹೇಳುವುದಿಲ್ಲ. ಒಂದು ತುಂಡನ್ನು ತೂಗಿ, ವಾರಕ್ಕೊಮ್ಮೆ ಮತ್ತೆ ತೂಗಿ. ಬೇಸಗೆಯಲ್ಲಿ ತೂಕ ಇಳಿಯುವುದು ನಿಂತರೆ ಮರ ತಯಾರು.

ಮರ ನಿಮ್ಮ ತೋಟದ್ದೇ ಆದರೂ ಕಡಿಯುವ ಹಕ್ಕು ನಿಮ್ಮದೇ ಎಂದು ಕೊಡಗಿನಲ್ಲಿ ಸುಮ್ಮನೆ ನಂಬುವ ಹಾಗಿಲ್ಲ. ಜಮೀನು ರಿಡೀಮ್ಡ್ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಹಕ್ಕು ಬಿಡಿಸಿಕೊಂಡದ್ದು) ಆಗಿದೆಯೋ ಇಲ್ಲವೋ ಎಂಬುದರ ಮೇಲೆ ಮರದ ಹಕ್ಕು ನಿಂತಿದೆ. ಜೊತೆಗೆ 1976ರ ಮರ ಸಂರಕ್ಷಣಾ ಕಾಯಿದೆಯ ಅನುಮತಿ ಬೇಕು. ದೋಣಿಯೊಂದಕ್ಕಾಗಿ ಇಷ್ಟು ಓಡಾಡುವುದಕ್ಕಿಂತ ಸಾಮಿಲ್ಲಿನಲ್ಲಿ ಬಿಲ್ಲಿನ ಸಮೇತ ಕೊಯ್ದ ಹಲಗೆ ಕೊಳ್ಳುವುದು ಸುಲಭ.

ಮೊಳೆಯಲ್ಲಿ ಜುಗ್ಗತನ ಬೇಡ. ಸಾದಾ ಕಬ್ಬಿಣದ ಮೊಳೆ ಮೂರು ಮಳೆಗಾಲ ಕಳೆಯುವುದರೊಳಗೆ ತುಕ್ಕು ಹಿಡಿದು ಉಬ್ಬುತ್ತದೆ, ಸುತ್ತಲಿನ ಮರ ಕಪ್ಪಾಗಿ ಮೆತ್ತಗಾಗುತ್ತದೆ. ಹಲಗೆ ಗಟ್ಟಿಯಿದ್ದೂ ದೋಣಿ ಬಿಚ್ಚಿಕೊಳ್ಳುವುದು ಇದರಿಂದಲೇ. ತಾಮ್ರ ಒಳ್ಳೆಯದು, ಸ್ಟೇನ್‌ಲೆಸ್ ಸ್ಕ್ರೂ ಸಿಹಿನೀರಿಗೆ ಸಾಕು. ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದು ಉಳಿದ ಮೈಲುತುತ್ತವನ್ನು ಮರಕ್ಕೆ ಬಳಿದರೆ ಹುಳ ಬೀಳುವುದಿಲ್ಲ ಎಂದು ಹೇಳುವವರಿದ್ದಾರೆ. ಕಬ್ಬಿಣದ ಮೊಳೆ ಇದ್ದಲ್ಲಿ ಅದನ್ನು ಬಳಿದರೆ ಮೊಳೆಯನ್ನೇ ತಿನ್ನುತ್ತದೆ.

ಮರೈನ್ ಪ್ಲೈವುಡ್ ದೋಣಿ

ಪ್ಲೈವುಡ್ ಅಂದ ಕೂಡಲೇ ಮೂಗು ಮುರಿಯುವವರು ಹೆಚ್ಚು. ಅಡುಗೆಮನೆ ಕಪಾಟಿನ ಮರದಲ್ಲಿ ದೋಣಿಯೇ ಎಂದು ಕೇಳುತ್ತಾರೆ. ಆದರೆ ವರ್ಷದ ಏಳೆಂಟು ತಿಂಗಳು ದಡದಲ್ಲಿ ಕೂರುವ ದೋಣಿಗೆ ಇದಕ್ಕಿಂತ ಹೊಂದುವ ಕಟ್ಟು ಇಲ್ಲ. ಪದರಗಳು ಒಂದಕ್ಕೊಂದು ಅಡ್ಡಲಾಗಿ ಅಂಟಿರುವುದರಿಂದ ಹಾಳೆ ಕುಗ್ಗುವುದಿಲ್ಲ, ಉಬ್ಬುವುದಿಲ್ಲ, ಸಂದಿಗಳು ಬಾಯಿ ಬಿಡುವುದಿಲ್ಲ. ಫೆಬ್ರವರಿಯಲ್ಲಿ ಎತ್ತಿಟ್ಟು ಸೆಪ್ಟೆಂಬರಿನಲ್ಲಿ ಇಳಿಸಿದ ದಿನವೇ ಒಣಗಿದ ಬಟ್ಟೆಯಲ್ಲಿ ಕೂರಬಹುದು. ಹನ್ನೆರಡಡಿಯದು 55ರಿಂದ 60 ಕಿಲೋ, ಇಬ್ಬರು ಎತ್ತಿ ಪಿಕಪ್ಪಿಗೆ ಹಾಕಬಹುದು.

ಹಾಳೆ ಕೊಳ್ಳುವಾಗ ಐಎಸ್ 710 (ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕ) ಎಂಬ ಗುರುತು ಇರಬೇಕು. ಐಎಸ್ 303 ಮನೆಸಾಮಾನಿನದು, ವಾಟರ್‌ಪ್ರೂಫ್ ಎಂದು ಅಂಗಡಿಯವರು ಎಷ್ಟೇ ಹೇಳಲಿ. ಗುರುತು ಇದ್ದರೂ ಪರೀಕ್ಷೆ ಮಾಡಿ: ನಾಲ್ಕಿಂಚಿನ ತುಂಡನ್ನು ಇಡೀ ದಿನ ನೀರಿನಲ್ಲಿ ಕುದಿಸಿ, ಒಣಗಿಸಿ, ಚಾಕುವಿನ ತುದಿಯಿಂದ ಪದರ ಬಿಡಿಸಲು ನೋಡಿ. ಬಿಟ್ಟುಕೊಂಡರೆ ಹಾಳೆ ವಾಪಸ್. ಕೊಯ್ದ ಅಂಚಿನಲ್ಲಿ ಒಳಪದರದ ನಡುವೆ ಟೊಳ್ಳು ಕಂಡರೂ ಬೇಡ. ಆ ಟೊಳ್ಳಿನಲ್ಲಿ ನೀರು ನಿಂತು ಒಳಗಿಂದೊಳಗೇ ಕೊಳೆಯುತ್ತದೆ, ಹೊರಗೆ ತಿಳಿಯುವ ಹೊತ್ತಿಗೆ ಕೈ ಮೀರಿರುತ್ತದೆ. 8 ಅಡಿಗೆ 4 ಅಡಿಯ 6 ಮಿಲಿಮೀಟರ್ ಹಾಳೆ ಸುಮಾರು 12 ಕಿಲೋ ತೂಗುತ್ತದೆ. ಹನ್ನೆರಡಡಿಯ ದೋಣಿಗೆ ಒಳಗಿನ ಅಡ್ಡಗೋಡೆಗಳೂ ಸೇರಿ ನಾಲ್ಕು ಹಾಳೆ ಬೇಕು.

ಕಟ್ಟುವ ರೀತಿ ಹೊಲಿಗೆಯಂತೆಯೇ. ಹಾಳೆ ಎಂಟೇ ಅಡಿ ಇರುವುದರಿಂದ ಮೊದಲು ಎರಡನ್ನು ಉದ್ದಕ್ಕೆ ಸೇರಿಸಬೇಕು. ಅಂಚುಗಳನ್ನು ಒಂದಕ್ಕೆ ಎಂಟರ ಇಳಿಜಾರಿನಲ್ಲಿ ಕೆತ್ತಿ ಅಂಟಿಸಬೇಕು, 6 ಮಿಲಿಮೀಟರ್ ಹಾಳೆಗೆ ಇಳಿಜಾರು 48 ಮಿಲಿಮೀಟರ್. ಆಮೇಲೆ ಅಳತೆಗೆ ಕೊಯ್ದ ಹಾಳೆಗಳ ಅಂಚಿನಿಂದ 10 ಮಿಲಿಮೀಟರ್ ಒಳಗೆ, ನಾಲ್ಕು ನಾಲ್ಕೂವರೆ ಇಂಚಿಗೊಂದರಂತೆ 2 ಮಿಲಿಮೀಟರ್ ತೂತು ಕೊರೆದು, ತಾಮ್ರದ ತಂತಿಯಿಂದ ಬಿಗಿಯುತ್ತಾರೆ. ದೋಣಿಯ ಆಕಾರ ಆಗಲೇ ಎದ್ದು ನಿಲ್ಲುತ್ತದೆ. ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡೂ ಕರ್ಣ ಸಮ ಇವೆಯೇ ನೋಡುವುದು ಈ ಹಂತದಲ್ಲೇ. ಇಲ್ಲಿ ಅರ್ಧ ಇಂಚು ತಿರುಚಿದ್ದರೆ ದೋಣಿ ಜನ್ಮಪೂರ್ತಿ ಒಂದು ಕಡೆಗೇ ಎಳೆಯುತ್ತದೆ.

ಒಳಮೂಲೆಗಳಿಗೆ ಎಪಾಕ್ಸಿಯಲ್ಲಿ (ಎರಡು ಡಬ್ಬಿಯದ್ದನ್ನು ಬೆರೆಸಿದರೆ ಗಟ್ಟಿಯಾಗುವ ಅಂಟುರಾಳ) ನುಣ್ಣನೆಯ ಮರದ ಪುಡಿ ಕಲಸಿ, ಗಟ್ಟಿ ಚಟ್ನಿಯ ಹದಕ್ಕೆ ತಂದು, ದುಂಡು ತುದಿಯ ಕಡ್ಡಿಯಿಂದ ಎಳೆಯಬೇಕು. ಅದು ಹಸಿ ಇರುವಾಗಲೇ ಮೂರಿಂಚು ಅಗಲದ ಗಾಜಿನ ನೂಲಿನ ಪಟ್ಟಿ ಹಾಸಿ ಮತ್ತೆ ಎಪಾಕ್ಸಿ ಕುಡಿಸಬೇಕು. ಹೊರಮೂಲೆಗಳನ್ನು ದುಂಡಗೆ ಉಜ್ಜಿ ಅಲ್ಲೂ ಪಟ್ಟಿ. ಅಡಿಭಾಗಕ್ಕೆ ಪೂರ್ತಿ ಬಟ್ಟೆ ಹಾಸಿದರೆ ಬಂಡೆಗೆ ಉಜ್ಜಿದರೂ ತಡೆಯುತ್ತದೆ. ಒಟ್ಟು 8ರಿಂದ 10 ಕಿಲೋ ಎಪಾಕ್ಸಿ ಬೇಕಾಗುತ್ತದೆ.

ಕೆಲಸ ಕೆಡುವುದು ಮೂರು ಕಡೆ. ಮೊದಲನೆಯದು ರಾಳದ ಆಯ್ಕೆ. ನೀರಿನ ಟ್ಯಾಂಕು, ಶೀಟು ಮಾಡುವವರ ಹತ್ತಿರ ಸಿಗುವುದು ಪಾಲಿಯೆಸ್ಟರ್ ರಾಳ. ಅರ್ಧ ಬೆಲೆಗೆ ಸಿಗುತ್ತದೆ, ಮರಕ್ಕೆ ಸರಿಯಾಗಿ ಕಚ್ಚುವುದಿಲ್ಲ. ಎರಡು ಮಳೆಗಾಲದಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ, ನಡುವೆ ನೀರು ಸೇರಿ ಮರ ಕೊಳೆಯುತ್ತದೆ. ಎಪಾಕ್ಸಿಯೇ ಆಗಬೇಕು.

ಎರಡನೆಯದು ಹವೆ. ಮಂಜಿನಲ್ಲಿ, ಮಳೆಯಲ್ಲಿ ಹಚ್ಚಿದ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ, ಅದರ ಮೇಲೆ ಬಳಿದ ಮುಂದಿನ ಪದರ ಹಿಡಿಯುವುದಿಲ್ಲ. ಉಜ್ಜುವ ಮುಂಚೆ ಬರೀ ನೀರು ಮತ್ತು ಸ್ಕ್ರಬ್ಬರಿನಿಂದ ತೊಳೆದರೆ ಜಿಡ್ಡು ಹೋಗುತ್ತದೆ. ತೊಳೆಯದೆ ಉಜ್ಜಿದರೆ ಮರಳುಕಾಗದ ಅದನ್ನು ಒಳಕ್ಕೇ ಒರೆಸುತ್ತದೆ. ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಪ್ರಶಸ್ತ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ. ಕಾಫಿ ಕಣದ ಕೆಲಸವೂ ಅದೇ ಹೊತ್ತಿಗೆ ಬರುತ್ತದೆ, ಬೇರೆ ದಾರಿಯಿಲ್ಲ. ಒಂದು ಸಲಕ್ಕೆ 200 ಗ್ರಾಮಿಗಿಂತ ಹೆಚ್ಚು ಕಲಸಬೇಡಿ, ಡಬ್ಬಿಯಲ್ಲೇ ಬಿಸಿಯಾಗಿ ಗಟ್ಟಿಯಾಗುತ್ತದೆ. ಹಾರ್ಡ್‌ನರ್ ಹೆಚ್ಚು ಹಾಕಿದರೆ ಬೇಗ ಒಣಗುತ್ತದೆ ಎಂದುಕೊಂಡು ಹಾಕುವವರ ಎಪಾಕ್ಸಿ ಎಂದೂ ಪೂರ್ತಿ ಗಟ್ಟಿಯಾಗುವುದಿಲ್ಲ. ಡಬ್ಬಿಯ ಮೇಲಿನ ಪ್ರಮಾಣವನ್ನು ತಕ್ಕಡಿಯಲ್ಲಿ ತೂಗಿಯೇ ಹಾಕಬೇಕು.

ಮೂರನೆಯದು ಆಮೇಲೆ ಕೊರೆಯುವ ತೂತುಗಳು. ದೋಣಿ ಮುಗಿದ ಮೇಲೆ ಹುಟ್ಟಿನ ಕೊಂಡಿಗೆ, ಹಗ್ಗದ ಬಳೆಗೆ ಎಂದು ನೇರ ಪ್ಲೈವುಡ್ಡಿಗೆ ಸ್ಕ್ರೂ ತಿರುಗಿಸುತ್ತಾರೆ. ಆ ತೂತಿನಿಂದ ನೀರು ಪದರಗಳ ತುದಿಗೆ ಹೋಗುತ್ತದೆ. ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸ್ಕ್ರೂವಿಗೆ ಕೊರೆಯಿರಿ. ಪ್ಲೈವುಡ್ ದೋಣಿಯ ಆಯುಸ್ಸನ್ನು ಹೆಚ್ಚಾಗಿ ತೀರ್ಮಾನಿಸುವುದು ಈ ಅರ್ಧ ಗಂಟೆಯ ಕೆಲಸ.

ಎಪಾಕ್ಸಿ ಬಿಸಿಲಿಗೆ ಪುಡಿಯಾಗುವುದರಿಂದ ಮೇಲೆ ಬಣ್ಣ ಬೇಕೇ ಬೇಕು. ಮರ ಕಾಣಲಿ ಎಂದು ವಾರ್ನಿಷ್ ಬಳಿಸುವವರು ವರ್ಷಾವರ್ಷ ಉಜ್ಜಿ ಬಳಿಯುವ ಮನಸ್ಸಿದ್ದರೆ ಮಾತ್ರ ಮಾಡಿ. ಹೊರಗೆ ತಿಳಿಬಣ್ಣ, ಒಳಗಿನ ಸೀಟಿಗೆ ಮತ್ತು ಅಂಚುಪಟ್ಟಿಗೆ ಮಾತ್ರ ವಾರ್ನಿಷ್ ಎಂಬ ಒಪ್ಪಂದ ನಮಗೆ ಹಿಡಿಸುತ್ತದೆ. ಹಲಗೆ ದೋಣಿಗೆ ಬರೀ ಅಗಸೆ ಎಣ್ಣೆ ಬಳಿದು ಬಿಡುವ ಪದ್ಧತಿ ಒಣ ಸೀಮೆಗೆ ಸರಿ. ಇಲ್ಲಿಯ ಜುಲೈನಲ್ಲಿ ಎಣ್ಣೆಯ ಮೇಲೆ ಕಪ್ಪು ಬೂಷ್ಟು ಬರುತ್ತದೆ.

ಪ್ಲೈವುಡ್ಡಿನ ಬದಲು ಒಂದಿಂಚು ಅಗಲದ ತೆಳು ಮರದ ಪಟ್ಟಿಗಳನ್ನು ಅಂಟಿಸಿ, ಒಳಗೂ ಹೊರಗೂ ಗಾಜಿನ ಬಟ್ಟೆ ಹೊದಿಸುವ ಇನ್ನೊಂದು ಬಗೆಯಿದೆ. ಕಣ್ಣಿಗೆ ಎಲ್ಲಕ್ಕಿಂತ ಚೆಂದ ಕಾಣುವುದು ಅದೇ. ಕೆಲಸ ಪ್ಲೈವುಡ್ಡಿನ ಮೂರು ಪಟ್ಟು. ಕೈತುಂಬ ಸಮಯವಿರುವವರಿಗೆ.

ಹಳೇ ದೋಣಿ ಕೊಳ್ಳುವುದಾದರೆ

ಕರಾವಳಿಯಿಂದಲೋ ಕೇರಳದಿಂದಲೋ ಹಳೆಯದು ತರುವವರು ಬಣ್ಣ ನೋಡಿ ಮರುಳಾಗುತ್ತಾರೆ. ಸ್ಕ್ರೂಡ್ರೈವರ್ ಮತ್ತು ಮರದ ಸುತ್ತಿಗೆ ಹಿಡಿದುಕೊಂಡು ಹೋಗಿ. ಹಿಂಬದಿಯ ಅಡ್ಡಹಲಗೆಯ ಕೆಳಮೂಲೆಗಳು, ಕೀಲ್‌ಗೆ ಮೊದಲ ಹಲಗೆ ಸೇರುವ ಸಂದು, ಮುಂಭಾಗದಲ್ಲಿ ಹಲಗೆಗಳ ತುದಿ ಕೂಡುವ ಜಾಗ, ಸೀಟಿನ ಕೆಳಗೆ ಪಕ್ಕೆಲುಬಿನ ಬುಡ. ಮಳೆನೀರು ನಿಲ್ಲುವುದು ಇಲ್ಲೇ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗಬಾರದು, ಸುತ್ತಿಗೆಗೆ ಟಣ್ ಅನ್ನಬೇಕು, ದಬ್ ಅನ್ನಬಾರದು. ಆಮೇಲೆ ನೀರಿನಲ್ಲಿ ಮೂರು ದಿನ ಬಿಡಿಸಿ ದಿನಾ ಬೆಳಿಗ್ಗೆ ನೋಡಿ. ಮೊದಲ ದಿನ ಸೋರಿ ಎರಡನೇ ದಿನ ನಿಂತರೆ ಅದು ಒಣಗಿದ್ದ ಮರ, ಚಿಂತೆಯಿಲ್ಲ. ಮೂರನೇ ದಿನವೂ ಸೋರಿದರೆ ಮೊಳೆ ಹೋಗಿವೆ.

ಹಳೇ ಹಲಗೆ ದೋಣಿಗೆ ಮೇಲಿಂದ ಫೈಬರ್ ಹೊದಿಸಿಬಿಟ್ಟರೆ ಹೊಸದಾಗುತ್ತದೆ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ಒಳಗಿನ ಹಲಗೆ ಕುಗ್ಗಿ ಹಿಗ್ಗುವುದು ನಿಲ್ಲುವುದಿಲ್ಲ, ಹೊದಿಕೆ ಹರಿಯುತ್ತದೆ. ಅಷ್ಟರೊಳಗೆ ಒಳಗೆ ಸಿಕ್ಕಿಬಿದ್ದ ತೇವ ಮರವನ್ನು ಮುಗಿಸಿರುತ್ತದೆ. ಮಾರುವವರೇ ಫೈಬರ್ ಹೊದಿಸಿಟ್ಟಿದ್ದರೆ ಅದರಡಿ ಏನಿದೆಯೆಂದು ಕೇಳದೆ ವಾಪಸ್ ಬನ್ನಿ.

ಯಾರಿಗೆ ಯಾವುದು

ತೋಟದ ಕೆರೆಗೆ: ಪಂಪ್ ಇರುವ ಕೆರೆಯಲ್ಲಿ ದೋಣಿ ಯಾವತ್ತಾದರೂ ಕೆಸರಿನ ಮೇಲೆ ಕೂರಲಿದೆ. ಚಪ್ಪಟೆ ತಳದ ಪ್ಲೈವುಡ್ ದೋಣಿ, ಇಲ್ಲವೇ ಹರಿಗೋಲು. ಕೀಲ್ ಇರುವ ದೋಣಿ ಕೆಸರಿನಲ್ಲಿ ಒಂದು ಕಡೆ ವಾಲಿ, ಮಳೆನೀರು ತುಂಬಿಕೊಂಡು ಕೊಳೆಯುತ್ತದೆ.

ಹಾರಂಗಿ ಹಿನ್ನೀರಿಗೆ: ಗಾಳಿ ಎದ್ದರೆ ಅಲೆಯೂ ಏಳುತ್ತದೆ. ಹದಿನಾಲ್ಕು ಅಡಿಗೆ ಕಡಿಮೆಯಿಲ್ಲದ, ಮುಂಭಾಗ ಎತ್ತರವಿರುವ ದೋಣಿ ಬೇಕು, ಹಲಗೆಯದ್ದಾದರೂ ಸರಿ. ಜಲಾಶಯದಲ್ಲಿ ದೋಣಿ ಬಿಡಲು ನೀರಾವರಿ ಇಲಾಖೆಯ ಅನುಮತಿ ಬೇಕು. ಮೋಟಾರ್ ಹಾಕಿದರೆ 2021ರ ಒಳನಾಡು ಹಡಗು ಕಾಯಿದೆಯ ನೋಂದಣಿಯೂ ಬರುತ್ತದೆ.

ಸಿದ್ದಾಪುರ, ನೆಲ್ಯಹುದಿಕೇರಿ, ದುಬಾರೆ ಕಡೆ ಹೊಳೆದಂಡೆಯವರಿಗೆ: ತೂಕ ಕಡಿಮೆಯಿರುವುದನ್ನೇ ಆರಿಸಿ. 2019ರ ಆಗಸ್ಟಿನಲ್ಲಿ ಕರಡಿಗೋಡು, ಗುಹ್ಯದ ಮನೆಗಳಿಗೇ ಕಾವೇರಿ ನುಗ್ಗಿತ್ತು. ಹೊಳೆ ಏರುವಾಗ ಇಬ್ಬರು ಹೊತ್ತು ಮೇಲಿನ ಅಂಗಳಕ್ಕೆ ಸೇರಿಸಬಹುದಾದ ದೋಣಿ ಉಳಿಯುತ್ತದೆ, ಮರಕ್ಕೆ ಕಟ್ಟಿಬಿಟ್ಟದ್ದು ಹೊಳೆಗೆ ಸೇರುತ್ತದೆ.

ಹೋಂಸ್ಟೇಯವರು ನಾಲ್ಕು ಜನ ಕೂರಿಸುವುದಾದರೆ ಲೆಕ್ಕ ಹೀಗೆ: ಹನ್ನೆರಡಡಿಗೆ ನಾಲ್ಕಡಿಯ ದೋಣಿ ಪ್ರತಿ 30 ಕಿಲೋಗೆ ಸುಮಾರು ಒಂದು ಸೆಂಟಿಮೀಟರ್ ಇಳಿಯುತ್ತದೆ. ನಾಲ್ವರು ಅಂದರೆ 280 ಕಿಲೋ, ಒಂಬತ್ತು ಹತ್ತು ಸೆಂಟಿಮೀಟರ್. ಎಲ್ಲರೂ ಕೂತ ಮೇಲೆ ಅಂಚು ನೀರಿನಿಂದ ಒಂದು ಗೇಣು ಮೇಲಿರಬೇಕು, ಇಲ್ಲದಿದ್ದರೆ ಒಬ್ಬರನ್ನು ಇಳಿಸಿ. ಸೀಟುಗಳ ಕೆಳಗೆ ಮುಚ್ಚಳ ಬಿಗಿದ 20 ಲೀಟರಿನ ಖಾಲಿ ಕ್ಯಾನ್ ನಾಲ್ಕು ಕಟ್ಟಿಟ್ಟರೆ ದೋಣಿ ತುಂಬಿದರೂ 80 ಕಿಲೋ ಎತ್ತಿ ಹಿಡಿಯುತ್ತವೆ. ಲೈಫ್ ಜಾಕೆಟ್ ಅದಕ್ಕೆ ಬದಲಲ್ಲ, ಅದರ ಜೊತೆಗೆ. ನಾಲ್ಕಡಿ ಅಗಲಕ್ಕೆ ಹುಟ್ಟು ಏಳರಿಂದ ಏಳೂವರೆ ಅಡಿ ಇರಲಿ. ಗಿಡ್ಡ ಹುಟ್ಟು ಕೊಟ್ಟು ಅತಿಥಿಗಳ ಕೈ ನೋಯಿಸಬೇಡಿ.

ಯಾವುದೇ ಆಗಲಿ, ಜೂನ್ ಮೊದಲ ವಾರದೊಳಗೆ ಎತ್ತಿ ಕವುಚಿ, ಒಂದೂವರೆ ಅಡಿ ಎತ್ತರದ ಸಿಮೆಂಟ್ ಕಂಬದ ಮೇಲಿಡಿ. ನೆಲಕ್ಕೆ ತಾಗಿದರೆ ಗೆದ್ದಲು ಬರುತ್ತದೆ. ಟಾರ್ಪಾಲನ್ನು ಮೈಗೆ ಸುತ್ತಬೇಡಿ, ಒಳಗೆ ಬೆವರುತ್ತದೆ. ಮಾಡಿನ ಹಾಗೆ ಮೇಲೆ ಕಟ್ಟಿ, ಎರಡೂ ಬದಿ ಗಾಳಿಯಾಡಲಿ.

ಆಚಾರಿಗೆ ಮುಂಗಡ ಕೊಡುವ ಮೊದಲು ಕೇಳಬೇಕಾದ್ದು ನಾಲ್ಕು: ಹಲಗೆ ಕೊಯ್ದದ್ದು ಯಾವ ತಿಂಗಳು, ಮೊಳೆ ಯಾವ ಲೋಹದ್ದು, ಹಾಳೆಯ ಗುರುತು ಯಾವುದು, ನೀರು ಬಸಿಯುವ ತೂತು ಎಲ್ಲಿ ಇಡುತ್ತೀರಿ. ಮನೆ, ಬಾಗಿಲು ಮಾಡಿ ಕೈ ಪಳಗಿದವರು ಕೊನೆಯದನ್ನು ಮರೆಯುತ್ತಾರೆ. ಹಿಂಬದಿಯ ಅಡ್ಡಹಲಗೆಯಲ್ಲಿ, ತಳಕ್ಕೆ ಅಂಟಿಕೊಂಡಂತೆ, ಒಂದಿಂಚಿನ ತೂತು ಮತ್ತು ದಾರ ಕಟ್ಟಿದ ಬಿರಡೆ ಇರಲಿ. ಬಿರಡೆಯ ದಾರ ದೋಣಿಗೇ ಕಟ್ಟಿರಬೇಕು, ಇಲ್ಲದಿದ್ದರೆ ಸೆಪ್ಟೆಂಬರಿನಲ್ಲಿ ಅದೊಂದು ಬಿಟ್ಟು ಮಿಕ್ಕಿದ್ದೆಲ್ಲ ಸಿಗುತ್ತದೆ.